ಹುಟ್ಟು ಹಾಕಿ ಇಸ್ವಾಣ ಹಿಡಿಯಹೊರಟವರಿಗೆ

ಪ್ರಶ್ನೆ: ನಾನು ಕಾರವಾರದವನು, ಉದ್ಯೋಗದ ನಿಮಿತ್ತ ವಾಸ್ಕೋದಲ್ಲಿ ನೆಲೆಸಿದ್ದೇನೆ. ಈಚೆಗೆ ಫಿಶಿಂಗ್ ಸ್ಕೀ (ಮೀನು ಹಿಡಿಯಲು ಬಳಸುವ, ಕಯಾಕ್‌ನಂತಹ ಕಿರಿದಾದ ಹುಟ್ಟುದೋಣಿ) ಒಂದನ್ನು ಕೊಂಡು, ನದಿಯಲ್ಲಿ ಹುಟ್ಟು ಹಾಕುವ ಅಭ್ಯಾಸ ಮಾಡಿದ್ದೇನೆ. ಈಗ ಕಡಲಿಗಿಳಿದು ಇಸ್ವಾಣದಂತಹ (ಅಂಜಲ್ ಅಥವಾ ಸುರಮಯಿ) ದೊಡ್ಡ ಮೀನನ್ನು ಗಾಳದಿಂದ ಹಿಡಿಯಬೇಕೆಂದಿದ್ದೇನೆ. ಗೋವಾದಲ್ಲಿ ಯಾವ ತಿಂಗಳು, ಎಲ್ಲಿಂದ, ಎಷ್ಟು ಹೊತ್ತಿಗೆ ಹೊರಡುವುದು ಸರಿ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳನ್ನು ನಿರ್ಧರಿಸುವುದು ಗಾಳಿ. ಎಂಜಿನ್ ಇಲ್ಲದ ದೋಣಿಯಲ್ಲಿ ಕುಳಿತವರು ಮೀನು ಎಲ್ಲಿದೆ ಎಂದು ಯೋಚಿಸುವ ಮೊದಲು, ಹಿಂದಿರುಗುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿರುತ್ತದೆ ಎಂಬುದನ್ನು ಯೋಚಿಸಬೇಕು. ಫಿಶಿಂಗ್ ಸ್ಕೀ ಬೆಳೆದು ಬಂದದ್ದು ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ತೀರದಲ್ಲಿ. ಅಲ್ಲಿನ ದೊಡ್ಡ ತೆರೆಗಳನ್ನು ಸೀಳಿಕೊಂಡು ಹೊರಗೆ ಹೋಗಬೇಕಾದ್ದರಿಂದ ಅದನ್ನು ಉದ್ದವಾಗಿ, ಕಿರಿದಾಗಿ, ಮೇಲೆಯೇ ಕುಳಿತು ಹುಟ್ಟು ಹಾಕುವಂತೆ ರೂಪಿಸಿದ್ದಾರೆ. ಅಗಲವಾದ ಬಾಡಿಗೆ ಕಯಾಕ್‌ಗಿಂತ ಅದು ವೇಗವಾಗಿ ಸಾಗುತ್ತದೆ, ಆದರೆ ಅಷ್ಟೇ ಸುಲಭವಾಗಿ ಮಗುಚುತ್ತದೆ. ನದಿಯ ಅಭ್ಯಾಸದಿಂದ ತೋಳಿಗೆ ಬಲ ಬಂದಿರಬಹುದು, ಮಗುಚಿದ ದೋಣಿಯನ್ನು ಅಲೆಗಳ ನಡುವೆ ಸರಿಪಡಿಸಿ ಮತ್ತೆ ಹತ್ತುವ ಅಭ್ಯಾಸ ಅದರಿಂದ ಬರುವುದಿಲ್ಲ. ಆದ್ದರಿಂದ ಗಾಳವನ್ನು ಮನೆಯಲ್ಲೇ ಬಿಟ್ಟು, ಲೈಫ್ ಜಾಕೆಟ್ ಧರಿಸಿ, ಎದೆಮಟ್ಟದ ಕಡಲ ನೀರಿನಲ್ಲಿ ಬೇಕೆಂದೇ ಮಗುಚಿಕೊಂಡು ಮತ್ತೆ ಹತ್ತುವುದನ್ನು ಮೊದಲು ಕಲಿಯಿರಿ. ಎರಡೂ ಬದಿಗಳಿಂದ, ದಣಿದಿರುವಾಗಲೂ, ಯೋಚಿಸದೆ ಹತ್ತಲು ಬರುವವರೆಗೆ ಆಳದ ನೀರಿಗೆ ಹೋಗಬೇಡಿ.

ತಿಂಗಳಿನ ವಿಷಯಕ್ಕೆ ಬಂದರೆ, ಮಳೆಗಾಲ ಮುಗಿದು, ನದಿಗಳ ಕೆಸರು ತಗ್ಗಿ ನೀರು ತಿಳಿಯಾಗುವ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಕಾಲ ನಿಮಗೆ ಅನುಕೂಲಕರ. ಇಸ್ವಾಣ ಕಣ್ಣಿನಿಂದ ಬೇಟೆಯಾಡುವ ಮೀನು, ಕದಡಿದ ನೀರಿನಲ್ಲಿ ಅದು ಗಾಳಕ್ಕೆ ಬೀಳುವುದು ಅಪರೂಪ. ಬಂಗುಡೆ, ತಾರ್ಲೆಗಳ (ಭೂತಾಯಿ) ಹಿಂಡು ದಡದ ಸಮೀಪ ಬಂದಾಗ ಅವುಗಳ ಬೆನ್ನು ಹತ್ತಿ ಇದೂ ಬರುತ್ತದೆ.

ಗಾಳಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ಈ ತಿಂಗಳುಗಳಲ್ಲಿ ರಾತ್ರಿಯಿಡೀ ತಣಿದ ನೆಲದಿಂದ ಮುಂಜಾನೆ ಗಾಳಿ ಕಡಲಿನತ್ತ ಬೀಸುತ್ತದೆ. ತೆಂಗಿನ ತೋಟಗಳೂ ಗುಡ್ಡಗಳೂ ಅದನ್ನು ಮರೆಮಾಡುವುದರಿಂದ ದಡದಲ್ಲಿ ನಿಂತವರಿಗೆ ನೀರು ಅಲುಗಾಡದಂತೆ ಕಾಣುತ್ತದೆ. ಆದರೆ ಒಂದು ಕಿಲೋಮೀಟರ್ ಹೊರಗೆ ಹೋದ ಕೂಡಲೇ ಅದೇ ಗಾಳಿ ಬೆನ್ನಿಗೆ ಬಡಿಯತೊಡಗಿ, ಹುಟ್ಟು ಹಾಕದಿದ್ದರೂ ದೋಣಿಯನ್ನು ಪಡುವಣಕ್ಕೆ ಒಯ್ಯುತ್ತಿರುತ್ತದೆ. ದಡದ ಮೇಲಿನ ಎರಡು ಗುರುತುಗಳನ್ನು, ಅಂದರೆ ಮುಂದಿನ ಒಂದು ಬಂಡೆ ಮತ್ತು ಅದರ ಹಿಂದಿನ ಒಂದು ಮರ ಅಥವಾ ಕಟ್ಟಡವನ್ನು ಒಂದೇ ನೇರದಲ್ಲಿ ಹಿಡಿದು ನೋಡಿದರೆ, ಆ ನೇರ ತಪ್ಪುವುದರಿಂದ ನೀವು ತೀರದ ಉದ್ದಕ್ಕೆ ಎತ್ತ ಸರಿಯುತ್ತಿದ್ದೀರಿ ಎಂಬುದು ತಿಳಿಯುತ್ತದೆ. ಹೊರಗೆ ಎಷ್ಟು ಹೋಗಿದ್ದೀರಿ ಎಂಬುದನ್ನು ಮಾತ್ರ ಆ ಗುರುತುಗಳು ಹೇಳವು. ಅದಕ್ಕೆ ಜಲನಿರೋಧಕ ಚೀಲದಲ್ಲಿಟ್ಟ ಮೊಬೈಲಿನ ಜಿಪಿಎಸ್ ಬೇಕು. ಐದು ನಿಮಿಷ ಹುಟ್ಟು ನಿಲ್ಲಿಸಿ ನೋಡಿ, ನೂರಿನ್ನೂರು ಮೀಟರ್ ಹೊರಗೆ ಸರಿದಿದ್ದರೆ ಅಂದು ದಡ ಬಿಟ್ಟು ದೂರ ಹೋಗುವ ದಿನವಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ದಡದತ್ತ, ಹೆಚ್ಚಾಗಿ ವಾಯವ್ಯದಿಂದ ಬೀಸತೊಡಗುತ್ತದೆ. ಅದು ನಿಮ್ಮನ್ನು ದಡಕ್ಕೇ ತಳ್ಳುತ್ತದೆಯಾದರೂ ದಡದ ತೆರೆಗಳನ್ನು ಕೆರಳಿಸುತ್ತದೆ, ಬೇಸಿಗೆ ಏರಿದಂತೆ ಇನ್ನಷ್ಟು ಬಿರುಸಾಗುತ್ತದೆ. ಬೆಳಕು ಹರಿಯುತ್ತಲೇ ಹೊರಟು, ದಡದಿಂದ ಎರಡು ಕಿಲೋಮೀಟರ್ ಮೀರದೆ, ಹತ್ತೂವರೆಯೊಳಗೆ ಮರಳನ್ನು ಮುಟ್ಟುವ ಲೆಕ್ಕ ಹಾಕಿಕೊಳ್ಳಿ.

ಇನ್ನು ಸ್ಥಳ. ವಾಸ್ಕೋದಿಂದಲೇ ಇಳಿಯುವ ಆಸೆಯನ್ನು ಬಿಡಿ. ಮುರ್ಮುಗಾವ್ ಬಂದರಿನ ಹಡಗುಗಳೂ ಜುವಾರಿಯ ಬಾರ್ಜುಗಳೂ ಓಡಾಡುವ ಹಾದಿಯಲ್ಲಿ ನೀರಿಗಂಟಿದಂತೆ ಕುಳಿತ ನೀವು ಯಾರ ಕಣ್ಣಿಗೂ ಬೀಳುವುದಿಲ್ಲ, ನೌಕಾಪಡೆಯ ನಿರ್ಬಂಧಿತ ಪ್ರದೇಶಗಳೂ ಆ ಸುತ್ತಿನಲ್ಲಿವೆ. ಕಾಣಕೋಣದ ಪಾಳೋಳೆಂ ಕೊಲ್ಲಿ ಎರಡೂ ತುದಿಗಳಲ್ಲಿ ಬಂಡೆಗಳ ಆಸರೆ ಪಡೆದಿರುವುದರಿಂದ ಅಲ್ಲಿ ತೆರೆ ಸಣ್ಣದು. ಅಲ್ಲಿಂದ ಉತ್ತರದ ಬಂಡೆಗಳ ಸಾಲಿಗೆ ಸಮಾನಾಂತರವಾಗಿ ಸಾಗುತ್ತ ಗಾಳ ಎಳೆಯುವುದು ಮೊದಲ ಹಂತಕ್ಕೆ ಸೂಕ್ತ. ಬೇತೂಲಿನಲ್ಲಿ ಸಾಳ ನದಿಯ ಅಳಿವೆಯಂತಹ ಕಡೆ ಇಳಿತದ ಹೊತ್ತಿನಲ್ಲಿ ಹೋಗಲೇಬೇಡಿ. ಹೊರಹರಿಯುವ ನೀರು ಒಳಬರುವ ಅಲೆಗೆ ಎದುರಾದಾಗ, ಮರಳದಿಬ್ಬದ ಮೇಲೆ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ಆಗೊಂದ ಮತ್ತು ಗಾಲ್ಜಿಬಾಗ್ ಕಡಲಾಮೆಗಳು ಮೊಟ್ಟೆಯಿಡುವ ಮರಳುತೀರಗಳು, ಅಲ್ಲಿ ದೋಣಿ ಎಳೆದಾಡದಿರುವುದು ನಮ್ಮ ಕರ್ತವ್ಯ. ರಂಪಣಿ (ದಡದಿಂದ ಹಲವರು ಸೇರಿ ಎಳೆಯುವ ದೊಡ್ಡ ಬಲೆ) ಎಳೆಯುತ್ತಿರುವುದು ಕಂಡರೆ ಬಲೆಯ ಸುತ್ತನ್ನು ದೂರದಿಂದಲೇ ಬಳಸಿಕೊಂಡು ಹೋಗಿ, ಅದು ಅವರ ಹೊಟ್ಟೆಪಾಡು.

ಹೊರಡುವ ಮುನ್ನ ದಡದಲ್ಲಿ ಒಬ್ಬರಿಗೆ ಹೋಗುವ ದಿಕ್ಕನ್ನೂ ಹಿಂದಿರುಗುವ ಹೊತ್ತನ್ನೂ ಹೇಳಿಡಿ. ಕರಾವಳಿ ರಕ್ಷಣಾ ಪಡೆಯ ಸಹಾಯವಾಣಿ 1554 ಮೊಬೈಲಿನಲ್ಲಿರಲಿ. ಏನೇ ಆದರೂ ದೋಣಿಯನ್ನು ಬಿಟ್ಟು ಈಜಲು ಹೊರಡಬೇಡಿ. ಹುಡುಕುವವರಿಗೆ ಈಜುವವರ ತಲೆಗಿಂತ ದೋಣಿ ಬೇಗ ಕಾಣುತ್ತದೆ.

ಪ್ರಶ್ನೆ: ಜೀವಂತ ಬಂಗುಡೆಯನ್ನು ಗಾಳಕ್ಕೆ ಹಾಕಿ ಎಳೆಯುತ್ತಿದ್ದೆ. ಒಮ್ಮೆ ಬಂಗುಡೆಯ ಅರ್ಧ ಭಾಗವಷ್ಟೇ ಹಿಂದೆ ಬಂತು. ಇನ್ನೊಮ್ಮೆ ದೊಡ್ಡ ಮೀನು ಸಿಕ್ಕಿ, ನಾನು ಬಿಗಿಯಾಗಿ ಹಿಡಿದಾಗ ದೋಣಿ ಪಕ್ಕಕ್ಕೆ ವಾಲಿ, ನಾನು ನೀರಿಗೆ ಬಿದ್ದು, ಮೀನೂ ತಪ್ಪಿಸಿಕೊಂಡಿತು. ಇನ್ನೂ ದಪ್ಪ ಲೈನ್ ಬಳಸಬೇಕೇ? (ಮಡಗಾಂವ್‌ನಿಂದ ಒಬ್ಬರು)

ಉತ್ತರ: ದಪ್ಪ ಲೈನ್ ಬೇಡ, ಸಡಿಲ ಡ್ರ್ಯಾಗ್ (ಮೀನು ಎಳೆದಾಗ ರೀಲ್ ಲೈನನ್ನು ಎಷ್ಟು ಬಿಗಿಯಾಗಿ ತಡೆಹಿಡಿಯಬೇಕೆಂಬ ಹೊಂದಾಣಿಕೆ) ಬೇಕು.

ಮೊದಲು ಅರ್ಧ ಬಂಗುಡೆಯನ್ನು ನೋಡೋಣ. ಇಸ್ವಾಣ ಬೇಟೆಯನ್ನು ಒಮ್ಮೆಲೇ ನುಂಗುವುದಿಲ್ಲ. ವೇಗವಾಗಿ ಹಿಂದಿನಿಂದ ಬಂದು ಮೊದಲು ಬಾಲದ ಭಾಗವನ್ನು ಕತ್ತರಿಸುತ್ತದೆ. ಮುಂದಿನ ಸಲ ಹಾಗಾದಾಗ ಉಳಿದ ತುಂಡನ್ನು ಕೈಯಲ್ಲಿ ಹಿಡಿದು ಗಮನಿಸಿ. ಬ್ಲೇಡಿನಿಂದ ಕುಯ್ದಂತೆ ಅಂಚು ನೇರವಾಗಿದ್ದರೆ ಅದು ಇಸ್ವಾಣದ್ದೇ ಕೆಲಸವೆಂದು ಬಹುಮಟ್ಟಿಗೆ ನಂಬಬಹುದು. ನಿಮ್ಮ ಗಾಳ ಬಂಗುಡೆಯ ಮೂತಿಯಲ್ಲಿ ಮಾತ್ರ ಇತ್ತೆಂದು ತೋರುತ್ತದೆ. ಮೂತಿಯ ಒಂಟಿ ಗಾಳದಿಂದ ಒಂದು ಸಣ್ಣ ತಂತಿಯನ್ನು ಹಿಂದಕ್ಕೆ ಬಿಟ್ಟು, ಅದರ ತುದಿಗೆ ಮೂರು ಮೊನೆಯ ಗಾಳವನ್ನು ಕಟ್ಟಿ, ಬಾಲದ ಸ್ವಲ್ಪ ಮುಂದೆ ಬೆನ್ನಿನ ಚರ್ಮಕ್ಕೆ ಒಂದು ಮೊನೆಯನ್ನು ಮಾತ್ರ ಹಗುರವಾಗಿ ಚುಚ್ಚಿ. ತಂತಿಯಲ್ಲಿ ಸ್ವಲ್ಪ ಸಡಿಲವಿರಬೇಕು, ಇಲ್ಲವಾದರೆ ಬಂಗುಡೆ ಬಾಲ ಬೀಸಲಾಗದೆ ಸೊಟ್ಟಗೆ ಈಜುತ್ತದೆ, ಬೇಗ ಸಾಯುತ್ತದೆ. ಲೈನಿನ ತುದಿಗೂ ತೆಳ್ಳನೆಯ ಉಕ್ಕಿನ ತಂತಿ ಅಗತ್ಯ, ನೈಲಾನ್ ಎಷ್ಟು ದಪ್ಪವಿದ್ದರೂ ಆ ಹಲ್ಲುಗಳ ಮುಂದೆ ನಿಲ್ಲುವುದಿಲ್ಲ. ಜೀವಂತ ಮೀನನ್ನು ಎಳೆಯುವಾಗ ನಡೆಯುವವರ ವೇಗಕ್ಕಿಂತ ನಿಧಾನವಾಗಿ ಹುಟ್ಟು ಹಾಕಿ. ನೀರಿನಲ್ಲಿ ಆಳಕ್ಕಿಳಿಯುವ ಲೂರ್ (ಮೀನಿನಂತೆ ಕಾಣುವ ಕೃತಕ ಎರೆ) ಎಳೆಯುವಾಗ ಮಾತ್ರ ಗಂಟೆಗೆ ಐದಾರು ಕಿಲೋಮೀಟರ್ ವೇಗ ಬೇಕು.

ಎರಡನೆಯ ಘಟನೆ ಇನ್ನೂ ಮುಖ್ಯವಾದದ್ದು. ದೊಡ್ಡ ದೋಣಿಯಲ್ಲಿ ನಿಂತವರಿಗೆ ಬಿಗಿ ಡ್ರ್ಯಾಗ್ ಸಹಾಯಕ್ಕೆ ಬರಬಹುದು, ಸ್ಕೀಯಲ್ಲಿ ಅದು ನಿಮ್ಮನ್ನೇ ಮಗುಚುತ್ತದೆ. ಗಾಳ ಕಚ್ಚಿದ ಇಸ್ವಾಣದ ಮೊದಲ ಓಟ ನೂರು ಮೀಟರನ್ನೂ ಮೀರಬಹುದು, ಆಗ ಅದನ್ನು ತಡೆಯಲು ಪ್ರಯತ್ನಿಸಬಾರದು. ತಕ್ಕಡಿಗೆ ಲೈನ್ ಕಟ್ಟಿ ಎಳೆದು ನೋಡಿ, ಸುಮಾರು ಎರಡು ಕಿಲೋ ಎಳೆತಕ್ಕೆ ರೀಲ್ ಬಿಟ್ಟುಕೊಡುವಂತೆ ಡ್ರ್ಯಾಗ್ ಹೊಂದಿಸಿ. ಸಣ್ಣ ಮೊನೆಗಳು ಮಾಂಸವನ್ನು ಹರಿದುಕೊಂಡು ಹೊರಬರದಿರುವುದೂ ಈ ಸಡಿಲದಿಂದಲೇ. ರೀಲಿನಲ್ಲಿ 250ರಿಂದ 300 ಮೀಟರ್ ಹೆಣೆದ ಲೈನ್ ಇದ್ದರೆ ಸಾಕು. ಮೀನು ಓಡುತ್ತಿರುವಾಗ ರಾಡ್‌ನ ತುದಿಯನ್ನು ದೋಣಿಯ ಮೂತಿಯ ಕಡೆಗೆ ತನ್ನಿ. ಲೈನ್ ಮೂತಿಯ ಮೇಲಿಂದ ಹಾದರೆ ದೋಣಿ ತಾನಾಗಿಯೇ ಮೀನಿನತ್ತ ತಿರುಗಿ, ಅದರ ಹಿಂದೆ ಸಾಗತೊಡಗುತ್ತದೆ. ಆಗ ನಿಮ್ಮ ಮತ್ತು ದೋಣಿಯ ಭಾರವನ್ನು ಎಳೆದೇ ಮೀನು ದಣಿಯುತ್ತದೆ. ಫಿಶಿಂಗ್ ಸ್ಕೀಯ ನಿಜವಾದ ಬಲ ಇರುವುದು ಇಲ್ಲಿಯೇ ಎಂದು ನಾನು ದೃಢವಾಗಿ ನಂಬುತ್ತೇನೆ. ಲೈನ್ ಪಕ್ಕದಿಂದ ಬಿಗಿಯಾಗಿ ಹಾದರೆ ಮಾತ್ರ ನಿಮಗಾದಂತೆಯೇ ಆಗುತ್ತದೆ. ಈ ಜಾತಿಯ ವಿಶ್ವದಾಖಲೆಯ ಮೀನು 44.9 ಕಿಲೋ ತೂಗಿತ್ತು, ಅದು 1982ರಲ್ಲಿ ಸಿಕ್ಕಿದ್ದು ಸ್ಕೀ ಬೆಳೆದ ಅದೇ ನಟಾಲ್ ತೀರದ ಸ್ಕಾಟ್‌ಬರ್ಗ್‌ನಲ್ಲಿ. ಅದರ ಕಾಲು ಭಾಗದಷ್ಟು ತೂಕದ ಮೀನೂ ಕಿರಿದಾದ ದೋಣಿಯನ್ನು ಮಗುಚಬಲ್ಲದು.

ಓಟ ನಿಂತ ಮೇಲೆ ಮೀನು ದೋಣಿಯ ಕೆಳಗೆ ಸುತ್ತು ಹಾಕತೊಡಗುತ್ತದೆ. ಎರಡು ಕಾಲುಗಳನ್ನೂ ಬದಿಗಳಿಗೆ ಇಳಿಬಿಟ್ಟು ಕುಳಿತರೆ ದೋಣಿ ಸ್ಥಿರವಾಗಿರುತ್ತದೆ. ತಂತಿಯನ್ನು ಕೈಗೆ ಸುತ್ತಿಕೊಳ್ಳಬೇಡಿ. ತಲೆಯ ಹಿಂಭಾಗಕ್ಕೆ ಕೊಕ್ಕೆ ಹಾಕಿ, ಮೀನು ಇನ್ನೂ ನೀರಿನಲ್ಲಿರುವಾಗಲೇ ತಲೆಯ ಮೇಲೆ ಬಲವಾಗಿ ಹೊಡೆದು ಕೊಂದು, ಅನಂತರವೇ ತೊಡೆಯ ಮೇಲಕ್ಕೆ ಎಳೆದುಕೊಳ್ಳಿ. ಜೀವವಿರುವ ಇಸ್ವಾಣದ ಹಲ್ಲು ಒಂದು ಕಡೆ, ಅದರ ಬಾಯಲ್ಲಿ ನೇತಾಡುವ ಮೂರು ಮೊನೆಯ ಗಾಳ ಇನ್ನೊಂದು ಕಡೆ, ನಡುವೆ ನಿಮ್ಮ ಬರಿಗಾಲು ಇರುತ್ತದೆ. ಕಿವಿರಿನ ಬಳಿ ಕುಯ್ದು ರಕ್ತ ಹರಿಸಿ, ತಡಮಾಡದೆ ಹಿಮವಿರುವ ಪೆಟ್ಟಿಗೆಗೆ ಸೇರಿಸಿ. ಇಸ್ವಾಣ, ಬಂಗುಡೆ, ಟ್ಯೂನಾಗಳು ಬಿಸಿಲಿನಲ್ಲಿ ಉಳಿದರೆ ಅವುಗಳ ಮಾಂಸದಲ್ಲಿ ಹಿಸ್ಟಮೈನ್ ಎಂಬ, ತಿಂದವರಿಗೆ ವಿಷಬಾಧೆ ತರುವ ವಸ್ತು ಉಂಟಾಗುತ್ತದೆ, ಆಮೇಲೆ ಎಷ್ಟೇ ಬೇಯಿಸಿದರೂ ಅದು ಹೋಗುವುದಿಲ್ಲ.

ಪ್ರಶ್ನೆ: ಮಳೆಗಾಲದ ಮೀನುಗಾರಿಕೆ ನಿಷೇಧ ಎಂಜಿನ್ ಇಲ್ಲದ ದೋಣಿಗೂ ಅನ್ವಯಿಸುತ್ತದೆಯೇ? ಸಣ್ಣ ಇಸ್ವಾಣ ಸಿಕ್ಕರೆ ಏನು ಮಾಡಬೇಕು? (ಮಾಪುಸಾದ ಓದುಗರು)

ಉತ್ತರ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ ಜಾರಿಯಲ್ಲಿರುತ್ತದೆ. ಎಂಜಿನ್ ಇಲ್ಲದ ಸಾಂಪ್ರದಾಯಿಕ ದೋಣಿಗಳಿಗೆ ಅದರಿಂದ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಇರುವುದು ಕಡಲನ್ನೇ ನಂಬಿ ಬದುಕುವ ಸಾಂಪ್ರದಾಯಿಕ ಮೀನುಗಾರರಿಗಾಗಿ. ಹವ್ಯಾಸಕ್ಕೆ ಹೋಗುವವರು ಅದನ್ನು ತಮ್ಮದೆಂದು ಭಾವಿಸದೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಮುಂಗಾರಿನ ಕಡಲು ಸ್ಕೀಗೆ ತಕ್ಕದ್ದಲ್ಲ, ಸೆಪ್ಟೆಂಬರ್ ಮುಗಿಯುವವರೆಗೆ ಕಾಯಿರಿ.

ಸಣ್ಣ ಮೀನನ್ನು ನೀರಿನಿಂದ ಎತ್ತದೆ, ಉದ್ದ ಮೂತಿಯ ಇಕ್ಕಳದಿಂದ ಗಾಳ ಬಿಡಿಸಿ ಬಿಡಬೇಕು. ಆದರೆ ಮೊದಲು ಅದು ಯಾವ ಜಾತಿಯದೆಂದು ನೋಡಿ. ಮೈಮೇಲೆ ಅಡ್ಡಡ್ಡ ಪಟ್ಟೆಗಳಿದ್ದು, ಪಕ್ಕದ ಗೆರೆ (ಮೈಯ ಬದಿಯಲ್ಲಿ ಕಿವಿರಿನಿಂದ ಬಾಲದತ್ತ ಸಾಗುವ ಗೆರೆ) ಎರಡನೆಯ ಬೆನ್ನುರೆಕ್ಕೆಯ ಹಿಂಭಾಗದ ಕೆಳಗೆ ತಟ್ಟನೆ ಇಳಿದಿದ್ದರೆ ಅದು ದೊಡ್ಡದಾಗಿ ಬೆಳೆಯುವ ಜಾತಿ, ಎರಡೂವರೆ ಅಡಿಗಿಂತ ಕಡಿಮೆಯಿದ್ದರೆ ಬಿಟ್ಟುಬಿಡಿ. ಪಟ್ಟೆಯ ಬದಲು ಚುಕ್ಕೆಗಳ ಸಾಲಿದ್ದು ಆ ಗೆರೆ ನಿಧಾನವಾಗಿ ಬಾಗಿದ್ದರೆ, ಅದು ಸಣ್ಣದಾಗಿಯೇ ಉಳಿಯುವ ಚುಕ್ಕೆ ಇಸ್ವಾಣ, ಆ ಅಳತೆ ಅದಕ್ಕೆ ಅನ್ವಯಿಸದು.