ಮೈಗ್ರೇನ್‌ಗೆ ಬಯೋಫೀಡ್‌ಬ್ಯಾಕ್, ನ್ಯೂರೋಫೀಡ್‌ಬ್ಯಾಕ್ ಮಾಡಿಸಿದರೆ ಮಾತ್ರೆ ಕಡಿಮೆ ಆಗುತ್ತಾ?

ಎರಡನ್ನೂ ಮಾಡಿಸಿದ್ದೇನೆ. ಬಯೋಫೀಡ್‌ಬ್ಯಾಕ್ ಅಂದರೆ ಮೈಯಲ್ಲಿ ಆಗುವ ಬದಲಾವಣೆಯನ್ನು ಪರದೆಯ ಮೇಲೆ ನೋಡಿಕೊಂಡು ಅದನ್ನು ಹತೋಟಿಗೆ ತರಲು ಕಲಿಯುವುದು; ನ್ಯೂರೋಫೀಡ್‌ಬ್ಯಾಕ್‌ನಲ್ಲಿ ಅದನ್ನೇ ಮಿದುಳಿನ ಅಲೆಗಳಿಗೆ ಮಾಡುತ್ತಾರೆ. ಬಯೋಫೀಡ್‌ಬ್ಯಾಕ್‌ನಿಂದ ನನಗೆ ಖಂಡಿತ ಉಪಯೋಗವಾಯಿತು, ಮಾತ್ರೆಯೂ ಕಡಿಮೆ ಆಯಿತು. ನ್ಯೂರೋಫೀಡ್‌ಬ್ಯಾಕ್ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ.

ನನಗೆ ತಿಂಗಳಿಗೆ ಏಳೆಂಟು ಸಲ ಬರುತ್ತಿತ್ತು. ಪ್ರತಿ ಸಲವೂ ಟ್ರಿಪ್ಟಾನ್ ಮಾತ್ರೆ (ಬಂದ ಮೈಗ್ರೇನ್ ನಿಲ್ಲಿಸಲು ಕೊಡುವ ಔಷಧಿ). ಅದನ್ನು ತಿಂಗಳಿಗೆ 10 ದಿನ ಅಥವಾ ಜಾಸ್ತಿ, ಮೂರು ತಿಂಗಳು ದಾಟಿ ತೆಗೆದುಕೊಂಡರೆ ಮಾತ್ರೆಯಿಂದಲೇ ತಲೆನೋವು ಹೆಚ್ಚಬಹುದು. ಪ್ಯಾರಾಸಿಟಮಾಲ್‌ಗೆ ಈ ಗಡಿ 15 ದಿನ. ನಾನು ಗಡಿಯ ಹತ್ತಿರ ಬಂದಿದ್ದೆ. ಆಗ ವೈದ್ಯರೇ ಬಯೋಫೀಡ್‌ಬ್ಯಾಕ್ ಮಾಡಿ ನೋಡಿ ಅಂದರು.

ಮೊದಲ ದಿನ ಬೆರಳ ತುದಿಗೆ ಅದರ ಬಿಸಿ ಅಳೆಯುವ ಒಂದು ಸಣ್ಣ ಸೆನ್ಸರ್ ಅಂಟಿಸಿದರು. ಪರದೆಯ ಮೇಲೆ 27.4 ಡಿಗ್ರಿ ಅಂತ ಬಂತು. 'ಇದನ್ನು ಮೇಲೇರಿಸಿ' ಅಂದರು. ಹಲ್ಲು ಕಚ್ಚಿ ಪ್ರಯತ್ನಪಟ್ಟೆ. 26.9ಕ್ಕೆ ಇಳಿಯಿತು! ಹಟ ಹಿಡಿದಷ್ಟೂ ಕೈ ತಣ್ಣಗಾಗುತ್ತಿತ್ತು. ಕೊನೆಗೆ ಸಾಕಾಗಿ ಸುಮ್ನೆ ಕೂತೆ. ದವಡೆ ಸಡಿಲ ಬಿಟ್ಟೆ, ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತಾ 'ಕೈ ಭಾರವಾಗಿದೆ, ಬೆಚ್ಚಗಿದೆ' ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಆಗ ಅಂಕಿ ಏರತೊಡಗಿತು. ಮೈ ಬಿಗಿಯಾದಾಗ ಬೆರಳಿನ ರಕ್ತನಾಳಗಳು ಕಿರಿದಾಗುತ್ತವೆ, ಸಡಿಲವಾದಾಗ ಅಗಲವಾಗಿ ಬಿಸಿ ರಕ್ತ ಹರಿಯುತ್ತದೆ. ನಾವು ನಿಜಕ್ಕೂ ಸಡಿಲವಾದೆವೋ ಇಲ್ಲವೋ ಅಂತ ಪರದೆ ಹೇಳಿಬಿಡುತ್ತದೆ, ಅಲ್ಲಿ ಸುಳ್ಳು ನಡೆಯುವುದಿಲ್ಲ. ಹಣೆಯ ಸ್ನಾಯುಗಳ ಬಿಗಿತ ಅಳೆದು ಕಲಿಸುವ ವಿಧಾನವೂ ಇದೆ.

ಇದು ಹೊಸದೇನಲ್ಲ. ಅಮೆರಿಕದ ಟೊಪೀಕಾದಲ್ಲಿದ್ದ ಮೆನಿಂಗರ್ ಸಂಸ್ಥೆಯಲ್ಲಿ 1970ರ ಆಸುಪಾಸಿನಲ್ಲೇ ಕೈ ಬೆಚ್ಚಗಾಗಿಸುವುದನ್ನು ಮೈಗ್ರೇನ್‌ಗೆ ಕಲಿಸಿ ನೋಡಿದ್ದರು. 2007ರಲ್ಲಿ 55 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಧ್ಯಮ ಮಟ್ಟದ ಉಪಯೋಗ ಕಂಡಿತು, ಅದು ಒಂದು ವರ್ಷ ದಾಟಿಯೂ ಉಳಿದಿತ್ತು.

ಆದರೆ ಮನೆಯಲ್ಲಿ ದಿನವೂ ಅಭ್ಯಾಸ ಮಾಡಲೇಬೇಕು. ನಾನು ದಿನಕ್ಕೆ ಎರಡು ಸಲ, ಹದಿನೈದು ನಿಮಿಷ ಮಾಡುತ್ತಿದ್ದೆ. ಎರಡು ತಿಂಗಳು ಏನೂ ಗೊತ್ತಾಗಲಿಲ್ಲ. ಮೂರನೇ ತಿಂಗಳಿನಿಂದ ಮೂರ್ನಾಲ್ಕು ಸಲಕ್ಕೆ ಇಳಿಯಿತು. ಪೂರ್ತಿ ಹೋಗಿಲ್ಲ. ನೋವಿಗೆ ಮುಂಚೆ ಕತ್ತು ಬಿಗಿಯುವಾಗಲೇ, ಆಕಳಿಕೆ ಶುರುವಾದಾಗಲೇ ಅಭ್ಯಾಸಕ್ಕೆ ಕೂತರೆ ಕೆಲವು ಸಲ ಅಲ್ಲಿಗೇ ನಿಲ್ಲುತ್ತದೆ. ನೋವು ಪೂರ್ತಿ ಏರಿದ ಮೇಲೆ ಇದು ನಡೆಯುವುದಿಲ್ಲ, ಮಾತ್ರೆಯೇ ಬೇಕು.

ನ್ಯೂರೋಫೀಡ್‌ಬ್ಯಾಕ್‌ನಲ್ಲಿ ತಲೆಗೆ ಜೆಲ್ ಹಚ್ಚಿ ಎಲೆಕ್ಟ್ರೋಡ್ ಇಡುತ್ತಾರೆ. ಮಿದುಳಿನ ಅಲೆಗಳು ಬೇಕಾದ ಹದಕ್ಕೆ ಬಂದಾಗ ಪರದೆಯ ಚಿತ್ರ ಸರಾಗವಾಗಿ ಓಡುತ್ತದೆ. ಇಪ್ಪತ್ತು ಸಲ ಹೋದೆ. ಸ್ವಲ್ಪ ಹಗುರ ಅನಿಸಿದ್ದು ನಿಜ. ಆದರೆ ಕೈಯ ಅಭ್ಯಾಸವೂ ಜೊತೆಗೇ ನಡೆಯುತ್ತಿತ್ತು, ನಿದ್ದೆಯೂ ಸರಿಹೋಗಿತ್ತು. ಯಾವುದರಿಂದ ಅಂತ ಹೇಗೆ ಹೇಳಲಿ? ಮೈಗ್ರೇನ್‌ಗೆ ಇದರ ಮೇಲೆ ನಡೆದಿರುವ ಅಧ್ಯಯನಗಳೂ ಚಿಕ್ಕವು. ಖರ್ಚು ಮಾತ್ರ ಜಾಸ್ತಿ. ಅದಕ್ಕೇ ಮೊದಲು ಬಯೋಫೀಡ್‌ಬ್ಯಾಕ್ ಮಾಡಿಸಿ ಅಂತೀನಿ.

'ಮಾತ್ರೆ ಇವತ್ತೇ ಬಿಟ್ಟುಬಿಡಿ' ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಅದನ್ನು ನಿಮ್ಮ ವೈದ್ಯರೇ ಇಳಿಸಬೇಕು. ಹಿಂದೆಂದೂ ಇಲ್ಲದಂಥ ನೋವು ಒಮ್ಮೆಲೇ ಸಿಡಿಲಿನಂತೆ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಸೀದಾ ಆಸ್ಪತ್ರೆಗೆ ಹೋಗಿ.

ಶುರು ಮಾಡುವ ಮುಂಚೆ ಒಂದು ತಿಂಗಳು ನೋವು ಬಂದ ದಿನ, ತೆಗೆದುಕೊಂಡ ಮಾತ್ರೆ ಎರಡನ್ನೂ ಬರೆದಿಡಿ. ಆ ಲೆಕ್ಕ ಇಲ್ಲದಿದ್ದರೆ ಮೂರು ತಿಂಗಳ ನಂತರ ಕಡಿಮೆ ಆಯಿತಾ ಇಲ್ವಾ ಅಂತ ನಿಮಗೇ ಗೊತ್ತಾಗುವುದಿಲ್ಲ.