ಬೀಫ್ ಕೈಮಾ, ತರಕಾರಿ ಹಾಕಿ ಬೇಗ ಸ್ಟರ್ ಫ್ರೈ ಮಾಡೋಕೆ ಯಾವ ಸಾಸ್ ಒಳ್ಳೆಯದು? ವೋಕ್ (ಚೈನೀಸ್ ಬಾಣಲೆ) ತಗೊಳ್ಳಲೇಬೇಕಾ?

ತೊಂದರೆ ಸಾಸಿನದೂ ಅಲ್ಲ, ವೋಕಿನದೂ ಅಲ್ಲ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಒಂದು ಮಾತು ಬರೆದಿದ್ದೀರಿ: "ಎಷ್ಟು ಹುರಿದರೂ ನೀರು ಬಿಡ್ತಾನೇ ಇರುತ್ತೆ, 20 ನಿಮಿಷದ ಅಡುಗೆ ಒಂದು ಗಂಟೆ ಹಿಡಿಯುತ್ತೆ." ನಿಮ್ಮ ತೊಂದರೆ ಅದೇ. ಈ ನೀರಿನ ಜೊತೆ ನಾನೂ ತುಂಬಾ ದಿನ ಒದ್ದಾಡಿದ್ದೇನೆ. ಸಾಸ್ ಬದಲಾಯಿಸಿದೆ, ಹೊಸ ವೋಕ್ ಕೊಂಡೆ, ಒಲೆಯನ್ನೂ ಬೈದೆ. ಯಾವುದರಿಂದಲೂ ಏನೂ ಆಗಲಿಲ್ಲ.

ಕೋಲಾರದ ಕಡೆಯಿಂದ ಬಂದ ಹೊಸದರಲ್ಲಿ ಬೆಂಗಳೂರಿನ ಲಿಂಗರಾಜಪುರದಲ್ಲಿ ಒಂದು ಸಣ್ಣ ಮನೆ ಸಿಕ್ಕಿತ್ತು. ಮಾಂಸ ಬೇಯಿಸಬಾರದು ಅಂತ ಮೊದಲೇ ಹೇಳಿಬಿಡುವ ಓನರ್‌ಗಳನ್ನು ಕಂಡು ಕಂಡು ಸಾಕಾಗಿದ್ದ ಹೊತ್ತಿಗೆ ಸಿಕ್ಕಿದ ಮನೆ ಅದು. ಕೆಲಸ ಮುಗಿಸಿ ಬರುವಾಗ ರಾತ್ರಿ ಎಂಟೂವರೆ ದಾಟುತ್ತಿತ್ತು. ಬೇಗ ಆಗುವ ಅಡುಗೆ ಬೇಕಿತ್ತು. ವೀಡಿಯೋಗಳಲ್ಲಿ ಅಮೆರಿಕದವರು ಕೈಮಾವನ್ನು ಬಾಣಲೆಗೆ ಹಾಕಿ, ಬೀನ್ಸ್, ಕ್ಯಾರೆಟ್ ಸೇರಿಸಿ, ಸೋಯಾ ಸಾಸ್ ಸುರಿದು ಹದಿನೈದು ನಿಮಿಷದಲ್ಲಿ ತಟ್ಟೆಗೆ ಹಾಕುತ್ತಿದ್ದರು. ಅದನ್ನೇ ಮಾಡೋಣ ಅಂದುಕೊಂಡೆ.

ಮೊದಲ ಸಲ ಮಾಡಿದ್ದು ತಮ್ಮ ಪರೀಕ್ಷೆ ಬರೆಯಲು ಊರಿಂದ ಬಂದಿದ್ದಾಗ. ಬೆಳಿಗ್ಗೆ ಬೇಗ ಏಳಬೇಕಿತ್ತು ಅವನು. "ಹದಿನೈದು ನಿಮಿಷ ಕಣೋ, ಊಟ ಆಗೇಹೋಗುತ್ತೆ" ಅಂತ ಹೇಳಿ ಶುರು ಮಾಡಿದೆ. ಬಾಣಲೆಯಲ್ಲಿ ಮಾಂಸ ಕೊತಕೊತ ಕುದಿಯತೊಡಗಿತು. ಬೂದು ಬಣ್ಣದ ನೀರು, ಮೇಲೆ ನೊರೆ. ನೀರು ಇಂಗಲಿ ಅಂತ ಉರಿ ಜೋರು ಮಾಡಿದೆ. ಇಂಗಲೇ ಇಲ್ಲ. ತರಕಾರಿ ಹಾಕಿದ ಮೇಲೆ ಇನ್ನೂ ಜಾಸ್ತಿ ಆಯಿತು. ನೀರು ಹೋಗುವ ಹೊತ್ತಿಗೆ ಬೀನ್ಸ್ ಮೆತ್ತಗಾಗಿ ಬಣ್ಣ ಕಳೆದುಕೊಂಡಿತ್ತು. ಮಾಂಸ ಮಾತ್ರ ರವೆಯ ಹಾಗೆ ಒಣಗಿ ಉದುರುದುರಾಗಿತ್ತು. ಹತ್ತು ಗಂಟೆ ದಾಟಿತ್ತು. ಕೊನೆಗೆ ಅವನಿಗೆ ಮೊಸರನ್ನ ಕಲಸಿ ಕೊಟ್ಟೆ. ಮಾಂಸ ತಿನ್ನಿಸಬೇಕು ಅಂತ ಆಸೆಯಿಂದ ತಂದಿದ್ದೆ, ಅದು ಬೇಜಾರಾಯಿತು.

ಆಮೇಲೆ ಚಿಕ್ಕಪೇಟೆಗೆ ಹೋಗಿ ಭಾರದ ವೋಕ್ ತಂದೆ. ಡಾರ್ಕ್ ಸೋಯಾ, ಲೈಟ್ ಸೋಯಾ, ಆಯ್ಸ್ಟರ್ ಸಾಸ್ ಎಲ್ಲ ತಂದೆ. ಮತ್ತೆ ಅದೇ ನೀರು. ನನ್ನ ಒಲೆಗೆ ಶಕ್ತಿ ಇಲ್ಲ, ಇದು ಹೋಟೆಲ್‌ನವರಿಗೆ ಮಾತ್ರ ಆಗುವ ಅಡುಗೆ ಅಂತ ತೀರ್ಮಾನಿಸಿ ಬಿಟ್ಟುಬಿಟ್ಟೆ. ಸಾರು, ಪಲ್ಯ ಅಂತ ಬೇರೆ ದಾರಿ ಹಿಡಿದೆ.

ಕಾರಣ ತಿಳಿದದ್ದು ಮಾಂಸದ ಅಂಗಡಿಯಲ್ಲಿ. ಶಿವಾಜಿನಗರದ ಕಡೆ ತರುತ್ತಿದ್ದೆ. ಒಂದು ದಿನ ಕೈಮಾ ಕಟ್ಟಿಸಿಕೊಳ್ಳುವಾಗ "ಇದನ್ನು ಎಷ್ಟು ಸಲ ತೊಳೆಯಬೇಕು ಭಾಯ್?" ಅಂತ ಕೇಳಿದೆ. ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ತೊಳೆದು ಕೈಮಾ ಮಾಡಿಸಬೇಕು. ಕೈಮಾ ಮಾಡಿಸಿ ತೊಳೆಯೋದಲ್ಲ" ಅಂದರು.

ನಾನು ಅಲ್ಲಿಯವರೆಗೆ ಮಾಡುತ್ತಿದ್ದದ್ದು ಇದು: ಕೈಮಾವನ್ನು ಜರಡಿಗೆ ಹಾಕಿ, ನಲ್ಲಿಯ ಕೆಳಗೆ ಹಿಡಿದು, ಕೆಂಪು ನೀರು ಹೋಗುವ ತನಕ ತೊಳೆಯುವುದು. ಮನೆಯಲ್ಲಿ ಮಾಂಸ ತಂದರೆ ತೊಳೆಯದೆ ಒಲೆಗೆ ಇಟ್ಟವರನ್ನು ನಾನು ನೋಡೇ ಇಲ್ಲ. ನೀವೂ ತೊಳೆಯುತ್ತೀರಿ ಅಲ್ವಾ? ತುಂಡು ಮಾಂಸಕ್ಕಾದರೆ ತೊಂದರೆ ಕಡಿಮೆ. ನೀರು ಮೇಲೆ ಮಾತ್ರ ಅಂಟಿರುತ್ತದೆ, ಸೋಸಿದರೆ, ಒರೆಸಿದರೆ ಹೋಗುತ್ತದೆ. ಕೈಮಾ ಹಾಗಲ್ಲ. ಒಂದು ತುಂಡು ಸಾವಿರ ಚೂರಾಗಿರುತ್ತದೆ, ಪ್ರತಿ ಚೂರಿನ ಸುತ್ತಲೂ ನೀರು ಹಿಡಿದುಕೊಳ್ಳುತ್ತದೆ. ಜರಡಿಯಲ್ಲಿ ಅರ್ಧ ಗಂಟೆ ಬಿಟ್ಟರೂ ಒಳಗಿನದು ಇಳಿಯುವುದಿಲ್ಲ. ಹಿಂಡಿದರೆ ಮಾಂಸ ಮುದ್ದೆಯಾಗುತ್ತದೆ. ಇನ್ನು ಆ ಕೆಂಪು ನೀರು ರಕ್ತವಲ್ಲ. ಮಾಂಸದಲ್ಲೇ ಇರುವ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಆ ಬಣ್ಣ ಕೊಡುತ್ತದೆ. ತೊಳೆದಷ್ಟೂ ರುಚಿ ಚರಂಡಿಗೆ ಹೋಗುತ್ತದೆ. ಜೊತೆಗೆ ಹಸಿ ಮಾಂಸದ ನೀರು ಸಿಂಕ್, ನಲ್ಲಿ, ಪಕ್ಕದ ಪಾತ್ರೆ ಎಲ್ಲಕ್ಕೂ ಸಿಡಿದು ರೋಗಾಣು ಹರಡುತ್ತದೆ.

ಬಾಣಲೆಯಲ್ಲಿ ನೀರಿದ್ದರೆ ಏನು ನಷ್ಟ ಅನ್ನುವುದನ್ನೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಇದು ಅರ್ಥವಾಗುವ ತನಕ ಕೈ ಬದಲಾಗಲಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಮಾಂಸ ನೀರಿನಲ್ಲಿ ಮುಳುಗಿರುವ ತನಕ ನೀವು ಉರಿ ಎಷ್ಟೇ ಜೋರು ಮಾಡಿದರೂ ಅದರ ಬಿಸಿ ಅಷ್ಟಕ್ಕೇ ನಿಲ್ಲುತ್ತದೆ. ಹುರಿದ ಮಾಂಸದ ಕಂದು ಬಣ್ಣ, ಆ ಘಮ ಬರಬೇಕಾದರೆ ಮೇಲ್ಭಾಗ ಸುಮಾರು 140 ಡಿಗ್ರಿ ಮುಟ್ಟಬೇಕು. ಮೈಯಾರ್ ಕ್ರಿಯೆ ಅಂತ ಇದರ ಹೆಸರು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮೈಯಾರ್ ಹೆಸರೇ ಅದಕ್ಕೆ ಬಂದಿದೆ. ಇನ್ನೊಂದು ವಿಷಯ. ನೀರನ್ನು ಕುದಿ ಬರಿಸಲು ಬೇಕಾಗುವ ಶಾಖಕ್ಕಿಂತ, ಅದೇ ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಏಳು ಪಟ್ಟಿಗೂ ಜಾಸ್ತಿ ಶಾಖ ಬೇಕು. ನಿಮ್ಮ ಗ್ಯಾಸ್ ಎಲ್ಲ ಆ ನೀರನ್ನು ಓಡಿಸುವುದಕ್ಕೇ ಖರ್ಚಾಗುತ್ತದೆ. ಅಷ್ಟರಲ್ಲಿ ಮಾಂಸ ಬೆಂದು, ತನ್ನ ರಸವನ್ನೂ ಬಿಟ್ಟು, ಗಟ್ಟಿಯಾಗಿಬಿಟ್ಟಿರುತ್ತದೆ. ವೋಕ್ ಇದನ್ನು ಸರಿಮಾಡುವುದಿಲ್ಲ. ಸಾಸ್ ಅಂತೂ ಇನ್ನಷ್ಟು ನೀರು.

ಈಗ ನಮ್ಮ ಊರಿನ ಮಾಂಸದ ಬಗ್ಗೆ. ಇಲ್ಲಿ ಕಾನೂನು ಪ್ರಕಾರ ಬೀಫ್ ಅಂತ ಸಿಗುವುದು ಎಮ್ಮೆ, ಕೋಣದ ಮಾಂಸ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂತು. ಅದರ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣವನ್ನು ಮಾತ್ರ ಪ್ರಮಾಣಪತ್ರ ಪಡೆದು ಕಡಿಯಬಹುದು. ಅಂದರೆ ವಯಸ್ಸಾದ ಪ್ರಾಣಿ. ನಾರು ಗಟ್ಟಿ, ಕೊಬ್ಬು ಕಡಿಮೆ. ವೀಡಿಯೋದವರ ಕೈಮಾದಲ್ಲಿ ಎಷ್ಟೋ ಸಲ ನೂರಕ್ಕೆ 20 ಭಾಗ ಕೊಬ್ಬೇ ಇರುತ್ತದೆ. ಅದಕ್ಕೇ ಅವರು "ಎಣ್ಣೆ ಬೇಡ, ಬಿಟ್ಟ ಕೊಬ್ಬನ್ನು ಬಸಿಯಿರಿ" ಅನ್ನುತ್ತಾರೆ. ನೀವು ಹಾಗೆ ಮಾಡಿದರೆ ಮಾಂಸ ತಳ ಹಿಡಿಯುತ್ತದೆ. ನಮ್ಮದಕ್ಕೆ ಎಣ್ಣೆ ಬೇಕು. ಕಾಲು ಕೆಜಿಗೆ ಎರಡು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಹಾಕಿ, ಹಿಂದೆಮುಂದೆ ನೋಡಬೇಡಿ. ಸ್ಲೈಸ್ ಮಾಡಿ ಹುರಿಯೋಣ ಅಂದರೆ ಅಂಡರ್‌ಕಟ್ (ಬೆನ್ನುಮೂಳೆಯ ಕೆಳಗಿನ ಮೆತ್ತನೆ ಮಾಂಸ) ಬಿಟ್ಟು ಬೇರೆ ಭಾಗ ಬೇಗ ಬೇಯುವುದಿಲ್ಲ. ಹಾಗಾಗಿ ನೀವು ಕೈಮಾ ಆರಿಸಿಕೊಂಡದ್ದು ಸರಿಯಾಗಿಯೇ ಇದೆ. ಗಟ್ಟಿ ನಾರನ್ನು ಮೆಷಿನ್ ಮೊದಲೇ ಕತ್ತರಿಸಿಬಿಟ್ಟಿರುತ್ತದೆ.

ಅಂಗಡಿಯಲ್ಲಿ ಹೀಗೆ ಹೇಳಿ: ತುಂಡು ತೋರಿಸಿ, ತೊಳೆದು, ಒರೆಸಿ, ದಪ್ಪ ಜಾಲರಿಯಲ್ಲಿ ಒಂದೇ ಸಲ ತಿರುವಿ ಕೊಡಿ. ತುಂಬಾ ನುಣ್ಣಗೆ ಬೇಡ. ನುಣ್ಣಗಿನದು ಕೈಮಾ ಉಂಡೆಗೆ ಒಳ್ಳೆಯದು, ಹುರಿಯಲು ಅಲ್ಲ. ಮನೆಗೆ ತಂದ ಮೇಲೆ ನೀರು ಮುಟ್ಟಿಸಬೇಡಿ.

ಕಾಲು ಕೆಜಿಗೆ ಕಾಲು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಅಡುಗೆ ಸೋಡಾವನ್ನು ಒಂದು ಚಮಚ ನೀರಲ್ಲಿ ಕರಗಿಸಿ ಕಲಸಿ, ಹದಿನೈದು ನಿಮಿಷ ಬಿಡಿ. ನೀರು ಬೇಡ ಅಂದವರು ನೀರು ಹಾಕಿಸುತ್ತಿದ್ದೀರಲ್ಲ ಅನ್ನಬೇಡಿ. ಸೋಡಾ ಮಾಂಸದ ಹುಳಿಯಂಶ ತಗ್ಗಿಸುತ್ತದೆ. ಆಗ ಪ್ರೋಟೀನ್ ಬಿಗಿಯಾಗುವುದು ಕಡಿಮೆ, ರಸ ಒಳಗೇ ಉಳಿಯುತ್ತದೆ, ಕಂದು ಬಣ್ಣವೂ ಬೇಗ ಬರುತ್ತದೆ. ಜಾಸ್ತಿ ಹಾಕಿದರೆ ಸೋಪಿನ ರುಚಿ ಬರುತ್ತದೆ, ಎಚ್ಚರ. ಉಪ್ಪು ಈಗ ಹಾಕಬೇಡಿ.

ಆ ಹದಿನೈದು ನಿಮಿಷದಲ್ಲಿ ತರಕಾರಿ ಹೆಚ್ಚಿ. ಬೀನ್ಸ್, ಕ್ಯಾರೆಟ್, ಕ್ಯಾಪ್ಸಿಕಂ, ಎಲೆಕೋಸು ಒಳ್ಳೆಯದು. ಟೊಮೆಟೊ, ಸೀಮೆಬದನೆ, ಸೋರೆಕಾಯಿ ಬೇಡವೇ ಬೇಡ, ಅವು ನೀರಿನ ತರಕಾರಿಗಳು. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ. ಅವರೆಕಾಯಿ ಕಾಲದಲ್ಲಿ ಬೇಯಿಸಿ ಬಸಿದ ಹಿತಕಿದ ಬೇಳೆ ಒಂದು ಹಿಡಿ ಸೇರಿಸಿದರೆ, ಅದರ ಮುಂದೆ ಚೈನೀಸ್ ತರಕಾರಿ ಯಾವುದೂ ಬೇಡ ಅನಿಸುತ್ತದೆ. ಕೈಮಾಗೂ ಹಿತಕಿದ ಬೇಳೆಗೂ ನಮ್ಮ ಕಡೆ ಹಳೇ ಸ್ನೇಹ.

ಬಾಣಲೆ ಹೊಗೆಯಾಡುವಷ್ಟು ಕಾಯಲಿ. ಮೊದಲು ತರಕಾರಿ. ಸ್ವಲ್ಪ ಎಣ್ಣೆಯಲ್ಲಿ ಎರಡು ಮೂರು ನಿಮಿಷ ಜೋರು ಉರಿಯಲ್ಲಿ ಹುರಿದು ತಟ್ಟೆಗೆ ತೆಗೆಯಿರಿ. ಪೂರ್ತಿ ಬೇಯಬಾರದು. ಬಾಣಲೆ ಮತ್ತೆ ಕಾಯಲಿ. ಉಳಿದ ಎಣ್ಣೆ ಹಾಕಿ, ಕೈಮಾವನ್ನು ತೆಳ್ಳಗೆ ಹರಡಿ. ಆಮೇಲೆ ಕೈ ಕಟ್ಟಿ ನಿಲ್ಲಿ. ಎರಡು ಮೂರು ನಿಮಿಷ ಸೌಟು ಮುಟ್ಟಬೇಡಿ. ಎಲ್ಲರೂ ತಪ್ಪುವುದು ಇಲ್ಲೇ. ಸ್ಟರ್ ಫ್ರೈ ಅಂದಕೂಡಲೇ ಕೆದಕುತ್ತಲೇ ಇರಬೇಕು ಅಂದುಕೊಳ್ಳುತ್ತಾರೆ. ಕೆದಕಿದಷ್ಟೂ ಬಾಣಲೆ ತಣ್ಣಗಾಗುತ್ತದೆ, ಮಾಂಸ ನೀರು ಬಿಡುತ್ತದೆ. ಕಿವಿ ಕೊಟ್ಟು ಕೇಳಿ. ಚಟಚಟ ಸದ್ದು ಬರುತ್ತಿದ್ದರೆ ಹುರಿಯುತ್ತಿದೆ. ಕೊತಕೊತ ಅಂದರೆ ಬೇಯುತ್ತಿದೆ. ಬೇಯತೊಡಗಿದರೆ ಅರ್ಧ ಮಾಂಸ ತೆಗೆದಿಟ್ಟು ಎರಡು ಸಲಕ್ಕೆ ಮಾಡಿ. ಕಾಲು ಕೆಜಿಗಿಂತ ಜಾಸ್ತಿಯನ್ನು ಮನೆ ಒಲೆಯಲ್ಲಿ ಒಂದೇ ಸಲಕ್ಕೆ ಹುರಿಯಲು ಹೋಗಬೇಡಿ.

ತಳದಲ್ಲಿ ಕಂದು ಬಣ್ಣ ಕಂಡ ಮೇಲೆ ತಿರುವಿ, ಒಡೆದು, ಇನ್ನೆರಡು ಮೂರು ನಿಮಿಷ ಹುರಿಯಿರಿ. ಒಳಗೆ ಎಲ್ಲೂ ಕೆಂಪು ಉಳಿಯಬಾರದು. ತುಂಡು ಮಾಂಸದಲ್ಲಿ ರೋಗಾಣು ಹೆಚ್ಚಾಗಿ ಹೊರಗಡೆ ಇರುತ್ತದೆ, ಕೈಮಾದಲ್ಲಿ ತಿರುವಿದಾಗ ಎಲ್ಲ ಕಡೆ ಸೇರಿಹೋಗಿರುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದರೆ 71 ಡಿಗ್ರಿ ನೋಡಿಕೊಳ್ಳಿ.

ಮಾಂಸವನ್ನು ಪಕ್ಕಕ್ಕೆ ಸರಿಸಿ, ನಡುವೆ ಹೆಚ್ಚಿದ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ. ಪೇಸ್ಟ್ ಬೇಡ, ಅದರಲ್ಲೂ ನೀರಿದೆ, ತಳವೂ ಹಿಡಿಯುತ್ತದೆ. ಘಮ ಬಂದ ಮೇಲೆ ತರಕಾರಿ ಸೇರಿಸಿ, ಒಂದು ದೊಡ್ಡ ಚಮಚ ಸೋಯಾ ಸಾಸ್ ಅಂಚಿನಿಂದ ಬಿಡಿ. ಅರ್ಧ ಚಮಚ ಕರಿಮೆಣಸಿನ ಪುಡಿ, ಚಿಟಿಕೆ ಸಕ್ಕರೆ. ಉಪ್ಪನ್ನು ರುಚಿ ನೋಡಿ ಹಾಕಿ, ಸೋಯಾದಲ್ಲೇ ಸಾಕಷ್ಟಿರುತ್ತದೆ. ಒಂದು ನಿಮಿಷ, ಒಲೆ ಆರಿಸಿ. ಸಾಸ್ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಸೋಯಾ ಇಲ್ಲದಿದ್ದರೆ ಮೆಣಸು, ಕರಿಬೇವು, ನಿಂಬೆರಸ ಸಾಕು. ಕೊಡಗಿನ ಕಾಚಂಪುಳಿ (ಕಪ್ಪಗಿನ ಹುಳಿರಸ) ಇದ್ದರೆ ನಾಲ್ಕು ಹನಿ ಹಾಕಿ ನೋಡಿ, ಯಾವ ಬಾಟಲಿ ಸಾಸೂ ಅದರ ಹತ್ತಿರ ಬರುವುದಿಲ್ಲ. ಅನ್ನಕ್ಕೆ, ಚಪಾತಿಗೆ ಚೆನ್ನಾಗಿರುತ್ತದೆ. ಮುದ್ದೆಗೆ ಬೇಡ, ಮುದ್ದೆಗೆ ಸಾರೇ ಬೇಕು.

ನಿಜ ಹೇಳಬೇಕೆಂದರೆ, ಕೆಲಸದಿಂದ ಬಂದ ಮೇಲೆ ಮಾಂಸ ತರಲು ಹೋಗಿ 20 ನಿಮಿಷದಲ್ಲಿ ಊಟ ಮಾಡುತ್ತೇನೆ ಅನ್ನುವುದು ಆಗದ ಮಾತು. ನಾನು ಭಾನುವಾರ ಬೆಳಿಗ್ಗೆ ತಂದು, ಕಾಲು ಕಾಲು ಕೆಜಿ ಭಾಗ ಮಾಡಿ, ಜಿಪ್ ಕವರ್‌ನಲ್ಲಿ ಚಪ್ಪಟೆಯಾಗಿ ಒತ್ತಿ ಫ್ರೀಜರ್‌ಗೆ ಹಾಕುತ್ತೇನೆ. ಚಪ್ಪಟೆ ಇದ್ದರೆ ಬೇಗ ಕರಗುತ್ತದೆ. ಬೇಕಾದ ದಿನ ಬೆಳಿಗ್ಗೆ ಹೊರಡುವಾಗ ಒಂದನ್ನು ಫ್ರಿಜ್‌ನ ಕೆಳಗಿನ ಭಾಗಕ್ಕೆ ಇಡುತ್ತೇನೆ. ಕರಗಿದ ಮಾಂಸ ನೀರು ಬಿಟ್ಟಿರುತ್ತದೆ. ಆ ನೀರನ್ನು ಚೆಲ್ಲಿ, ಟಿಶ್ಯೂ ಪೇಪರ್‌ನಲ್ಲಿ ಒತ್ತಿ ತೆಗೆದ ಮೇಲೆಯೇ ಸೋಡಾ ಕಲಸಿ. ಫ್ರೀಜ್ ಮಾಡದ ಕೈಮಾವನ್ನು ಫ್ರಿಜ್‌ನಲ್ಲಿ ಒಂದೆರಡು ದಿನಕ್ಕಿಂತ ಜಾಸ್ತಿ ಇಡಬೇಡಿ.

ಇನ್ನು ವೋಕ್. ಗುಂಡು ತಳದ ವೋಕ್‌ಗೆ ಸುತ್ತಲೂ ಉರಿ ಹತ್ತಬೇಕು. ಮನೆಯ ಒಲೆಯಲ್ಲಿ ಉರಿ ತಳಕ್ಕೆ ಮಾತ್ರ ಹತ್ತುತ್ತದೆ. ಮಾಂಸ ಹರಡಲು ಅಗಲವಾದ ಚಪ್ಪಟೆ ತಳ ಬೇಕು. ನಿಮ್ಮ ಮನೆಯಲ್ಲಿ ಕಬ್ಬಿಣದ ದೋಸೆ ಹೆಂಚು ಇದ್ದರೆ ಕೈಮಾವನ್ನು ಅದರ ಮೇಲೆಯೇ ಹುರಿಯಿರಿ, ಆಮೇಲೆ ಯಾವುದಾದರೂ ಬಾಣಲೆಯಲ್ಲಿ ತರಕಾರಿ ಜೊತೆ ಸೇರಿಸಿ. ನಾನ್‌ಸ್ಟಿಕ್ ಪಾತ್ರೆಯನ್ನು ಮಾತ್ರ ಹೀಗೆ ಹೊಗೆ ಬರುವಷ್ಟು ಕಾಯಿಸಬೇಡಿ, ಅದರ ಲೇಪನ ಹಾಳಾಗಿ ಕೆಟ್ಟ ಹೊಗೆ ಬರುತ್ತದೆ. ನಿಮ್ಮದು ಗ್ಯಾಸಾ, ಇಂಡಕ್ಷನ್ನಾ ಅಂತ ಬರೆದಿಲ್ಲ. ಇಂಡಕ್ಷನ್ ಆದರೆ ಗುಂಡು ತಳದ್ದು ಕೂರುವುದೇ ಇಲ್ಲ. ಅದಕ್ಕೂ ತಳ ಚಪ್ಪಟೆ ಇರುವ ಕಬ್ಬಿಣದ ಪಾತ್ರೆಯೇ ಸರಿ. ಆದರೆ ಖಾಲಿ ಇದ್ದಾಗ ಒಮ್ಮೆಲೇ ಪೂರ್ತಿ ಬಿಸಿಗೆ ಇಡಬೇಡಿ, ಮಧ್ಯಮದಲ್ಲಿ ಎರಡು ಮೂರು ನಿಮಿಷ ಕಾಯಿಸಿ ಆಮೇಲೆ ಏರಿಸಿ. ಹಠಾತ್ತಾಗಿ ಕಾದರೆ ತೆಳು ತಳ ಉಬ್ಬಿ ಸೊಟ್ಟಗಾಗುತ್ತದೆ.