‘ಏನೂ ಆಗಿಲ್ವಲ್ಲ’ ಅಂದರೆ ಮುಗಿಯಿತೇ?

ಪ್ರಿಯ ಓದುಗರೇ,

ನೀವು ದಿನಾ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವರು. ಕಳೆದ ವಾರ ಹಿಂದಿನಿಂದ ಬಂದ ವ್ಯಾನ್ ಒಂದು ನಿಮ್ಮ ಮೊಣಕೈ ಸವರಿದಂತೆ ಹೋಯಿತು. ನೀವು ಬೀಳಲಿಲ್ಲ, ಗಾಯವೂ ಆಗಲಿಲ್ಲ, ಆದರೆ ಕೈ ನಡುಗುವುದು ತುಂಬ ಹೊತ್ತು ನಿಲ್ಲಲಿಲ್ಲ. ಸಿಗ್ನಲ್‌ನಲ್ಲಿ ಕೇಳಿದರೆ ಡ್ರೈವರ್ ‘ನೋಡಲೇ ಇಲ್ಲ’ ಅಂದರು. ಮನೆಯಲ್ಲಿ ಹೇಳಿಕೊಂಡರೆ ‘ಏನೂ ಆಗಿಲ್ವಲ್ಲ, ಬಿಡು’ ಅಂದರು. ‘ನಾನೇ ಸುಮ್ನೆ ಜಾಸ್ತಿ ಹೆದರುತ್ತಿದ್ದೇನಾ? ಸೈಕಲ್ ಬಿಟ್ಟುಬಿಡಲಾ?’ ಎಂದು ನೀವು ಬರೆದಿದ್ದೀರಿ.

ನೀವು ಜಾಸ್ತಿ ಹೆದರುತ್ತಿಲ್ಲ. ‘ಏನೂ ಆಗಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದೂ ಇಲ್ಲ. ಅಲ್ಲಿ ಒಂದು ಸಣ್ಣ ಗುಂಡಿ ಇದ್ದು, ಅದನ್ನು ತಪ್ಪಿಸಲು ನೀವು ಹ್ಯಾಂಡಲ್ ಸ್ವಲ್ಪ ತಿರುಗಿಸಿದ್ದರೆ? ಅವತ್ತು ನಿಮ್ಮನ್ನು ಉಳಿಸಿದ್ದು ಬರೀ ಅದೃಷ್ಟ. ಆ ವ್ಯಾನ್ ನಾಳೆಯೂ ಹಾಗೇ ಓಡುತ್ತದೆ, ಆ ರಸ್ತೆಯೂ ಹಾಗೇ ಇರುತ್ತದೆ.

ವಿಮಾನದವರು ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿತರು. 1974ರ ಡಿಸೆಂಬರ್ 1ರಂದು ಅಮೆರಿಕದ ವರ್ಜೀನಿಯಾದಲ್ಲಿ, ಇಳಿಯಲು ಬರುತ್ತಿದ್ದ ವಿಮಾನವೊಂದು ಮೌಂಟ್ ವೆದರ್ ಎಂಬ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 92 ಜನರೂ ಸತ್ತರು. ಆಮೇಲೆ ಗೊತ್ತಾದ ವಿಷಯ ಇನ್ನೂ ನೋವಿನದು. ಅದಕ್ಕೆ ಸುಮಾರು ಆರು ವಾರ ಮೊದಲು ಬೇರೆ ಕಂಪನಿಯ ವಿಮಾನವೊಂದು ಅಲ್ಲಿಯೇ, ಯಾವಾಗ ಎಷ್ಟು ಕೆಳಗೆ ಇಳಿಯಬಹುದು ಎಂಬ ಅದೇ ಗೊಂದಲದಿಂದ, ಸ್ವಲ್ಪದರಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳನ್ನು ಎಚ್ಚರಿಸಿತ್ತು. ಉಳಿದವರಿಗೆ ಸುದ್ದಿ ತಲುಪಿರಲಿಲ್ಲ. 1976ರಿಂದ ಅಲ್ಲಿ ಪೈಲಟ್‌ಗಳು ‘ಸ್ವಲ್ಪದರಲ್ಲಿ ತಪ್ಪಿತು’ ಎನ್ನುವಂಥದ್ದನ್ನೆಲ್ಲ ನಾಸಾಕ್ಕೆ ಬರೆದು ಕಳಿಸುತ್ತಾರೆ. ಬರೆದವರ ಹೆಸರು ಹೊರಗೆ ಬರುವುದಿಲ್ಲ.

ರಸ್ತೆಯಲ್ಲಿ ನಾವು ಲೆಕ್ಕ ಇಡುವುದು ಮಾತ್ರ ಹೆಚ್ಚಾಗಿ ಬಿದ್ದವರದ್ದು, ಸತ್ತವರದ್ದು. ಅಪಘಾತ ಆಗಿಲ್ಲ ಅಂದರೆ ಆ ರಸ್ತೆ ಸುರಕ್ಷಿತ ಎಂದು ಬರೆದುಕೊಳ್ಳುತ್ತೇವೆ. ಹೆದರಿ ಅಲ್ಲಿ ಸೈಕಲ್ ಹೊಡೆಯುವುದನ್ನೇ ಬಿಟ್ಟವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ರೇಚೆಲ್ ಆಲ್ಡ್ರೆಡ್ ಎಂಬ ಸಂಶೋಧಕಿ 2014ರಲ್ಲಿ ಸೈಕಲ್ ಸವಾರರಿಂದ ಇಂಥ ಘಟನೆಗಳ ಡೈರಿ ಬರೆಸಿದರು. ಗಂಟೆಗೆ ಸುಮಾರು 13 ಕಿ.ಮೀ.ಗಿಂತ ನಿಧಾನವಾಗಿ ಹೋಗುವವರಿಗೆ, 19 ಕಿ.ಮೀ.ಗಿಂತ ವೇಗವಾಗಿ ಹೋಗುವವರಿಗಿಂತ ಅಷ್ಟೇ ದೂರದಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಸಲ ಹೀಗಾಗುತ್ತಿತ್ತು. ಹೆಂಗಸರಿಗೂ ಗಂಡಸರಿಗಿಂತ ಜಾಸ್ತಿಯೇ. ಅಂದರೆ ಹುಷಾರಾಗಿ, ನಿಧಾನವಾಗಿ ಹೋಗುವವರ ಮೇಲೇ ಹೆಚ್ಚು ಹೊರೆ. ‘ನೀನು ಹುಷಾರಾಗಿ ಹೋಗು’ ಎಂಬ ಬುದ್ಧಿಮಾತು ಅಷ್ಟಕ್ಕೇ ಸಾಲದು, ಅಲ್ವಾ?

ಇನ್ನು ‘ನೋಡಲೇ ಇಲ್ಲ’ ಎಂಬ ಮಾತು. ಕೆಲವು ಕಡೆ ಅದು ನಿಜವೇ ಇರುತ್ತದೆ. ಕಾರಿನ ಮುಂದಿನ ಗಾಜಿನ ಎರಡೂ ಬದಿಯಲ್ಲಿ ಒಂದೊಂದು ಕಂಬ ಇರುತ್ತದಲ್ಲ, ಸ್ವಲ್ಪ ದೂರದಲ್ಲಿರುವ ಸೈಕಲ್ ಸವಾರ ಪೂರ್ತಿ ಅದರ ಹಿಂದೆ ಮರೆಯಾಗಬಹುದು. ಅಡ್ಡರಸ್ತೆಯಲ್ಲಿ ಎರಡೂ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಸೇರುವಂತೆ ಬರುತ್ತಿದ್ದರೆ, ಡ್ರೈವರ್ ಕಣ್ಣಿಗೆ ಸೈಕಲ್ ಆಚೀಚೆ ಸರಿಯುವುದೇ ಇಲ್ಲ. ಕೊನೆಯವರೆಗೂ ಕಂಬದ ಹಿಂದೆಯೇ ಉಳಿಯುತ್ತದೆ. ಅದಕ್ಕೇ ತಿರುವಿನಲ್ಲಿ ಡ್ರೈವರ್ ಕತ್ತು ಹೊರಳಿಸಿದರೆ ಸಾಲದು, ಸೀಟಿನಲ್ಲಿ ಮುಂದಕ್ಕೂ ಹಿಂದಕ್ಕೂ ಬಾಗಿ ನೋಡಬೇಕು. ಆದರೆ ನಿಮ್ಮ ವಿಷಯದಲ್ಲಿ ಈ ನೆಪ ನಡೆಯುವುದಿಲ್ಲ. ವ್ಯಾನ್ ಹಿಂದಿನಿಂದ ಬಂತು, ನೀವು ಗಾಜಿನ ಎದುರಿಗೇ ಇದ್ದಿರಿ. ಅವರು ನೋಡಬೇಕಿತ್ತು. ಜಾಗ ಇಲ್ಲದಿದ್ದರೆ ಹಿಂದೆಯೇ ಕಾಯಬೇಕಿತ್ತು. ಜರ್ಮನಿ 2020ರಲ್ಲಿ ಈ ಅಂತರವನ್ನು ಕಾನೂನಿನಲ್ಲೇ ಬರೆಯಿತು: ಸೈಕಲ್ ದಾಟುವಾಗ ಊರೊಳಗೆ ಕನಿಷ್ಠ ಒಂದೂವರೆ ಮೀಟರ್, ಊರಾಚೆ ಎರಡು ಮೀಟರ್. ಹೀಗೆ ಅಳತೆ ಇದ್ದರೆ ‘ಸಾಕಷ್ಟು ಜಾಗ ಬಿಟ್ಟಿದ್ದೆ’ ಎಂದು ವಾದ ಮಾಡುವುದು ಕಷ್ಟ.

ನಿಂತ ಕಾರುಗಳ ಪಕ್ಕ ಅಂಚಿಗೆ ಅಂಟಿಕೊಂಡು ಹೋಗುತ್ತೇನೆ ಎಂದಿದ್ದೀರಿ. ದಯವಿಟ್ಟು ಬೇಡ. ಒಂದು ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ ಇರಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಕಾರಿನವರಿಗೂ ಒಂದು ಮಾತು: ಬಾಗಿಲ ಪಕ್ಕದ ಕೈ ಬಿಟ್ಟು ಆಚೆ ಕೈಯಿಂದ ಬಾಗಿಲು ತೆರೆಯಿರಿ. ಮೈ ತಾನಾಗಿ ಹೊರಳುತ್ತದೆ, ಕಣ್ಣು ಹಿಂದೆ ಬರುವವರ ಕಡೆ ಹೋಗುತ್ತದೆ.

ಸೈಕಲ್ ಬಿಡುವುದು, ಬಿಡದಿರುವುದು ನಿಮ್ಮ ತೀರ್ಮಾನ. ಧೈರ್ಯ ಮಾಡಿ ಎಂದು ನಾನು ಹೇಳಲಾರೆ, ಏಕೆಂದರೆ ಆ ರಸ್ತೆಯಲ್ಲಿ ಹೋಗುವವರು ನೀವು. ದಾರಿ ಬದಲಿಸಿದರೂ ಸರಿಯೇ. ಆದರೆ ಆಗಿದ್ದನ್ನು ಬರೆದಿಡಿ: ಯಾವ ಜಾಗ, ಎಷ್ಟು ಹೊತ್ತಿಗೆ, ಯಾವ ಬಗೆಯ ವಾಹನ, ಎಷ್ಟು ಹತ್ತಿರ. ಅದನ್ನು ರಸ್ತೆ ನೋಡಿಕೊಳ್ಳುವ ಕಚೇರಿಗೆ ಕೊಡಿ, ಒಂದು ಪ್ರತಿ ನಮಗೂ ಕಳಿಸಿ. ಬೇರೆ ಓದುಗರೂ ಕಳಿಸಲಿ. ಯಾರ ಹೆಸರೂ, ಗಾಡಿ ನಂಬರೂ ಇಲ್ಲದೆ, ಜಾಗದ ಪ್ರಕಾರ ಜೋಡಿಸಿ ಪ್ರಕಟಿಸುತ್ತೇವೆ.

— ಸಂಪಾದಕ